ಮುಹೂರ್ತಕ್ಕೆ ಸರಿಯಾಗಿ ಮುಗಿಯಬೇಕಾದ ಹಸಿರು ಪಟ್ಟಿ

ಜನರನ್ನು ಕಾಯಿಸುವುದೇ ಕೆಲಸವಾದವರಿಗೆ ಫಜೀತಿಗಳ ಕೊರತೆ ಯಾವತ್ತೂ ಇರುವುದಿಲ್ಲ. ಒಂದು ಮುಗಿಯಿತು ಎಂದು ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಫೋನಿನಲ್ಲಿ ಬಂದು ನಿಂತಿರುತ್ತದೆ. ಕಂಪ್ಯೂಟರಿನಲ್ಲಿ ಯಾವುದಾದರೂ ದೊಡ್ಡ ಕೆಲಸ ಶುರುವಾದಾಗ ಸ್ಕ್ರೀನಿನ ನಡುವೆ ಒಂದು ಚಿಕ್ಕ ಪೆಟ್ಟಿಗೆ ಎದ್ದು ಬರುತ್ತದಲ್ಲ, ‘ದಯವಿಟ್ಟು ಕಾಯಿರಿ’ ಎನ್ನುತ್ತ ಅದರೊಳಗೆ ಒಂದು ಹಸಿರು ಪಟ್ಟಿ ಎಡದಿಂದ ಬಲಕ್ಕೆ ತೆವಳುತ್ತದಲ್ಲ, ಆ ಪೆಟ್ಟಿಗೆಯನ್ನು ಬರೆಯುವವಳು ನಾನು. ಅದನ್ನು ನೋಡಿ ಯಾರಾದರೂ ಸಂತೋಷಪಟ್ಟಿದ್ದನ್ನು ನಾನಂತೂ ಕಂಡಿಲ್ಲ. ಬಂದರೆ ಯಾಕೆ ಬಂತು ಅನ್ನುತ್ತಾರೆ, ಬರದಿದ್ದರೆ ಕಂಪ್ಯೂಟರ್ ಸತ್ತುಹೋಯಿತು ಅನ್ನುತ್ತಾರೆ.

ನಮ್ಮದು ಜೆ.ಪಿ. ನಗರದಲ್ಲಿ ಒಂದು ಕಾಂಡಿಮೆಂಟ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿರುವ ಪುಟ್ಟ ಕಂಪನಿ. ಮಧ್ಯಾಹ್ನದ ಮೇಲೆ ಕೆಳಗಿನಿಂದ ಕೋಡುಬಳೆ ಕರಿಯುವ ವಾಸನೆ ಬಂತೆಂದರೆ ಮೇಲೆ ಯಾರ ತಲೆಯೂ ಓಡುವುದಿಲ್ಲ. ಆಫೀಸಿನ ಮಿಕ್ಕವರೆಲ್ಲ ಫೋನಿನ ಆಪ್‌ಗಳ ಕಡೆಗೆ ಹೊರಳಿಯಾಗಿತ್ತು. ಮೇಜಿನ ಮೇಲಿನ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುತ್ತ ಉಳಿದವಳು ನಾನೊಬ್ಬಳೇ. ಕಲ್ಯಾಣ ಮಂಟಪಗಳ ಬುಕಿಂಗ್ ಪ್ರೋಗ್ರಾಂ ನನ್ನದು. ಯಾವ ದಿನ ಯಾರ ಮದುವೆ, ಎಷ್ಟು ಎಲೆ, ಎಷ್ಟು ರೂಮು, ಎಲ್ಲ ಅದರಲ್ಲಿರುತ್ತದೆ.

ಅದಕ್ಕೆ ಉಳಿದಿದ್ದ ದೊಡ್ಡ ಗಿರಾಕಿ ಒಬ್ಬರೇ, ಜರಗನಹಳ್ಳಿಯ ಹಳೇ ಮನೆತನದ ಯಜಮಾನರು. ಅವರಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅವರ ಕಲ್ಯಾಣ ಮಂಟಪ ನಿಂತಿದೆ. ಸಾರಕ್ಕಿಯಲ್ಲಿ ಇನ್ನೊಂದು, ಹುಳಿಮಾವಿನಲ್ಲಿ ಮತ್ತೊಂದು. ಮೊದಲು ಜರಗನಹಳ್ಳಿಯಲ್ಲಿ ಹಾಕಿ ನೋಡುತ್ತೇನೆ, ಸರಿಹೋದರೆ ಮಿಕ್ಕ ಎರಡಕ್ಕೂ ಇದೇ, ಇಲ್ಲದಿದ್ದರೆ ಮೂರಕ್ಕೂ ಬೇಡ ಎಂದಿದ್ದರು. ಅವರ ಅಳಿಯ ಬೇರೆ, ಯಾವುದೋ ಫೋನ್ ಆಪ್ ಹಿಡಿದುಕೊಂಡು, “ಎಲ್ಲಾ ಫೋನಲ್ಲೇ ಆಗತ್ತೆ ಮಾವ” ಎಂದು ದಿನಾ ಕಿವಿ ಊದುತ್ತಿದ್ದ.

ಒಂದು ದಿನ ಬಾಸ್ ನನ್ನನ್ನು ಕರೆದರು. “ಮೇಡಂ, ಯಜಮಾನ್ರು ಕೈಬಿಟ್ರೆ ಈ ಪ್ರೋಗ್ರಾಂ ಕ್ಲೋಸ್. ಪ್ರೋಗ್ರಾಂ ಕ್ಲೋಸ್ ಆದ್ರೆ ನಿಮ್ಮನ್ನ ಎಲ್ಲಿ ಕೂರಿಸ್ಲಿ ಅಂತ ನಂಗೂ ಗೊತ್ತಾಗ್ತಿಲ್ಲ” ಎಂದರು. ಗೊತ್ತಾಗದ್ದೇನಿತ್ತು? ಮನೆಯಲ್ಲಿ ಕೂರಿಸುತ್ತಿದ್ದರು. ಐವತ್ತರ ಹತ್ತಿರದಲ್ಲಿ ನಾನು ಮಗನ ವಯಸ್ಸಿನವರೆದುರು ಸಂದರ್ಶನಕ್ಕೆ ಕೂತು “ನಿಮ್ಮ ದೌರ್ಬಲ್ಯ ಏನು ಆಂಟಿ” ಎಂದು ಕೇಳಿಸಿಕೊಳ್ಳಬೇಕಾಗಿತ್ತು. ನನ್ನ ದೌರ್ಬಲ್ಯ ಸಿಟ್ಟು. ಅದನ್ನು ಅಲ್ಲೇ ತೋರಿಸಿ ಬರುತ್ತಿದ್ದೆ. ಒಟ್ಟಿನಲ್ಲಿ ನನ್ನ ಕುರ್ಚಿ ಆ ಹಸಿರು ಪಟ್ಟಿಯ ಮೇಲೆ ನಿಂತಿತ್ತು.

ಕೊನೇ ಸ್ಟಾಪು

ಮಂಟಪದ ಮ್ಯಾನೇಜರ್ ಬಾಗಲಕೋಟೆ ಕಡೆಯವರು, ಬಿಟಿಎಂ ಲೇಔಟಿನಲ್ಲಿ ಬಾಡಿಗೆ ಮನೆ. ಯಜಮಾನರು ಹೇಳಿದ್ದನ್ನು ಒಂದು ಗೆರೆ ಹೆಚ್ಚಿಲ್ಲ ಕಡಿಮೆಯಿಲ್ಲ ಎಂಬಂತೆ ಮಾಡುವ ಮನುಷ್ಯ. ಅವರ ಈ ಗುಣವನ್ನು ನಾನು ಮೊದಮೊದಲು ತುಂಬಾ ಮೆಚ್ಚಿಕೊಂಡಿದ್ದೆ.

ದಿನದ ಕೊನೆಗೆ ಬುಕಿಂಗ್‌ಗಳನ್ನು ಇನ್ನೊಂದು ಡಿಸ್ಕಿಗೆ ಇಳಿಸುವಾಗ ಬರುವ ನನ್ನ ಮೊದಲ ಪೆಟ್ಟಿಗೆಯಲ್ಲಿ ಪಟ್ಟಿಗೆ ಅಂಕಿ ಇರಲಿಲ್ಲ. ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಪ್ರೋಗ್ರಾಮಿಗೇ ತಿಳಿಯದಿದ್ದಾಗ ನಾವು ಒಂದು ಉಪಾಯ ಮಾಡುತ್ತೇವೆ. ಹಸಿರು ತುಂಡೊಂದು ಎಡದಿಂದ ಬಲಕ್ಕೆ ಹೋಗುತ್ತದೆ, ಮತ್ತೆ ಎಡದಿಂದ ಬರುತ್ತದೆ, ಕೆಲಸ ಮುಗಿಯುವ ತನಕ ಹೀಗೇ ಓಡಾಡುತ್ತಿರುತ್ತದೆ. ನಾನು ಜೀವಂತವಾಗಿದ್ದೇನೆ ಎಂದು ಹೇಳುವುದಷ್ಟೇ ಅದರ ಕೆಲಸ.

ಹಾಕಿದ ಮಾರನೇ ದಿನವೇ ಮ್ಯಾನೇಜರ್ ಫೋನು. “ಮೇಡಂ, ನಿಮ್ಮ ಪ್ರೋಗ್ರಾಂ ನನ್ನ ಬೈಯಾಕತ್ತೈತ್ರೀ. ಹಿಂದಿನ ಕೆಲಸ ಅರ್ಧಕ್ಕ ನಿಂತೈತಿ ಅಂತ ಬರಾಕತ್ತೈತಿ.”

“ಮಧ್ಯದಲ್ಲಿ ಆಫ್ ಮಾಡಿದ್ರಾ?”

“ಮಧ್ಯದಾಗ ಯಾಕ ಮಾಡ್ಲಿ? ಪೂರಾ ಮುಗಿದ ಮ್ಯಾಲೇ ಮಾಡೇನ್ರೀ.”

ಸಿಟ್ಟು ನೆತ್ತಿಗೇರುವ ಮೊದಲೇ ನಾನು ಸ್ಕೂಟರ್ ಹತ್ತಿ ಜರಗನಹಳ್ಳಿಗೆ ಹೋದೆ. ಸಾರಕ್ಕಿ ಸಿಗ್ನಲಿನಲ್ಲಿ ನಿಂತೇ ಅರ್ಧ ಸಿಟ್ಟು ಖರ್ಚಾಯಿತು. ಹೋಗಿ, ನನ್ನೆದುರಿಗೇ ಮಾಡಿ ತೋರಿಸಿ ಎಂದೆ. ಅವರು ಬಟನ್ ಒತ್ತಿದರು. ಹಸಿರು ತುಂಡು ಹೊರಟಿತು, ಬಲಗಡೆಯ ಅಂಚು ಮುಟ್ಟಿತು. ಮುಟ್ಟಿದ ತಕ್ಷಣ ಮ್ಯಾನೇಜರ್ ಬಗ್ಗಿ ಗೋಡೆಯ ಸ್ವಿಚ್ಚನ್ನೇ ಟಪ್ಪೆಂದು ಆರಿಸಿದರು.

“ಅಯ್ಯೋ! ಅದಿನ್ನೂ ಮುಗಿದಿರಲಿಲ್ಲ, ಮತ್ತೆ ಮೊದಲಿಂದ ಬರ್ತಿತ್ತಲ್ಲ!”

ಮ್ಯಾನೇಜರ್ ನನ್ನನ್ನು ಕನಿಕರದಿಂದ ನೋಡಿದರು. “ಮೇಡಂ, ಬನಶಂಕರಿ ಸ್ಟ್ಯಾಂಡ್ ಬಂತಂದ್ರ ಇಳೀಬೇಕಲ್ರೀ? ಬಸ್ಸು ವಾಪಸ್ ಹೊಂಟೈತಿ ಅಂತ ಯಾರಾರ ಒಳಗ ಕುಂತಿರ್ತಾರೇನ್ರೀ?”

ನಿಂಬೆಹಣ್ಣು

ಆಮೇಲೆ ನಾನು ಪಟ್ಟಿಗೆ ನೂರರ ಲೆಕ್ಕ ಹಾಕಿದೆ. ಹತ್ತು, ಇಪ್ಪತ್ತು, ಮೂವತ್ತು ಎಂದು ಅಂಕಿ ಕಾಣುತ್ತದೆ, ನೂರು ಬಂದ ಮೇಲೆ ಮಾತ್ರ ಸ್ವಿಚ್ಚು. ಮ್ಯಾನೇಜರ್ ಒಪ್ಪಿದರು. ಆದರೆ ಮಂಟಪದ ಫೋಟೋಗಳ ದೊಡ್ಡ ಕಟ್ಟೊಂದು ಕೊನೆಯಲ್ಲಿರುವುದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಪಟ್ಟಿ ಸರಸರನೆ ತೊಂಬತ್ತೊಂಬತ್ತಕ್ಕೆ ಓಡಿ ಅಲ್ಲಿ ಕಾಲು ಮುರಿದುಕೊಂಡು ಕೂತುಬಿಡುತ್ತಿತ್ತು.

ಅದನ್ನು ನೋಡಲು ಒಂದು ದಿನ ಬೆಳಿಗ್ಗೆ ಹತ್ತಕ್ಕೆ ಬರುತ್ತೇನೆ ಎಂದಿದ್ದವಳು ಸರಿಯಾಗಿ ಹತ್ತಕ್ಕೆ ಹೋದೆ. ಮ್ಯಾನೇಜರ್ ಗೋಡೆ ಗಡಿಯಾರ ತೋರಿಸಿ, “ಇಪ್ಪತ್ ನಿಮಿಷ ಲೇಟ್ ಆದ್ರೀ” ಎಂದರು. ನನ್ನ ಫೋನ್ ತೋರಿಸಿ ಜಗಳಕ್ಕೆ ನಿಂತೆ. ಒಳಗಿನಿಂದ ಯಜಮಾನರು ನಗುತ್ತ ಬಂದರು. “ನಿಮ್ದೇ ಸರಿ ಕಣಮ್ಮ. ನಮ್ ಛತ್ರದ ಗಡಿಯಾರ ಎಲ್ಲಾ ಇಪ್ಪತ್ ನಿಮಿಷ ಮುಂದೆ. ಇಲ್ದೋದ್ರೆ ಮದ್ವೆಯೋರು ಟೈಮಿಗೆ ಖಾಲಿ ಮಾಡಲ್ಲ, ಮುಂದಿನ ಪಾರ್ಟಿ ಬಾಗ್ಲಲ್ಲಿ ನಿಂತ್ಕಂಡು ಬಯ್ತದೆ.” ಒಳ್ಳೇ ಉಪಾಯ ಎಂದು ನಾನೂ ನಕ್ಕೆ.

ಅಷ್ಟರಲ್ಲಿ ಪಟ್ಟಿ ತೊಂಬತ್ತೊಂಬತ್ತಕ್ಕೆ ಬಂದು ನಿಂತಿತು. ಕಾದೆವು. ಫ್ಯಾನು ತಿರುಗುತ್ತಿತ್ತು, ಪಟ್ಟಿ ಅಲುಗಲಿಲ್ಲ. ಬಾಗಿಲಲ್ಲಿ ಅಳಿಯ ಫೋನ್ ಹಿಡಿದು ನಿಂತಿದ್ದ. ಅವನ ಮುಖದಲ್ಲಿ ಇದ್ದ ನಗುವನ್ನು ಅಳಿಸಲು ನನ್ನ ಹತ್ತಿರ ಯಾವ ಬಟನ್ನೂ ಇರಲಿಲ್ಲ.

ಯಜಮಾನರು ಅಳಿಯನನ್ನು ನೋಡಿದರು, ಪಟ್ಟಿಯನ್ನು ನೋಡಿದರು. “ಯಾರ್ದೋ ಕಣ್ಣು ಬಿದ್ದದೆ” ಎಂದರು. ಮ್ಯಾನೇಜರ್ ಅಡುಗೆಮನೆಗೆ ಓಡಿ ಒಂದು ನಿಂಬೆಹಣ್ಣು ತಂದರು. ಯಜಮಾನರು ಅದನ್ನು ಮಾನಿಟರಿಗೆ ಮೂರು ಸುತ್ತು ನಿವಾಳಿಸಿ, ಹೊಸ್ತಿಲಾಚೆ ಇಟ್ಟು, ಹಿಮ್ಮಡಿಯಲ್ಲಿ ಪಚ್ಚೆಂದು ತುಳಿದರು. ಅದೇ ಕ್ಷಣಕ್ಕೆ ಪಟ್ಟಿ ನೂರಾಯಿತು.

ಆ ವಾರವೇ ನಾನು ತಪ್ಪು ಸರಿಪಡಿಸಿ ಪಟ್ಟಿ ಎಲ್ಲಿಯೂ ನಿಲ್ಲದ ಹಾಗೆ ಮಾಡಿದೆ. ಎರಡೇ ದಿನಕ್ಕೆ ಮ್ಯಾನೇಜರ್ ದೂರು ಬಂತು. “ಮೇಡಂ, ತೊಂಬತ್ತೊಂಬತ್ತರಾಗ ಒಂಚೂರು ನಿಲ್ಸ್ರೀ. ನಿಂಬೆಹಣ್ಣು ಇಳಿಸಾಕ ಟೈಮೇ ಸಿಗವಲ್ದು.”

ಇಷ್ಟು ಬೇಗ?

ತಪ್ಪು ಸರಿಪಡಿಸುವಾಗ ಉತ್ಸಾಹ ಬಂದು ಇಡೀ ಕೆಲಸವನ್ನೇ ಚುರುಕು ಮಾಡಿದ್ದೆ. ದಿನದ ಕೊನೆಯಲ್ಲಿ ಬುಕಿಂಗ್‌ಗಳನ್ನೆಲ್ಲ ಜೋಪಾನವಾಗಿ ಇನ್ನೊಂದು ಡಿಸ್ಕಿಗೆ ಇಳಿಸುವ ಕೆಲಸ, ಮೊದಲು ಕಾಲು ಗಂಟೆ ಹಿಡಿಯುತ್ತಿದ್ದದ್ದು, ಈಗ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯುತ್ತಿತ್ತು. ಹೊಗಳಿಸಿಕೊಳ್ಳಲೆಂದೇ ಯಜಮಾನರೆದುರು ಮಾಡಿ ತೋರಿಸಿದೆ. ಪೆಟ್ಟಿಗೆ ಬಂತು, ಹೋಯಿತು.

“ಏನಾಯ್ತು?” ಎಂದರು.

“ಮುಗೀತು ಯಜಮಾನ್ರೆ.”

ಅವರ ಹುಬ್ಬು ಮೇಲೆ ಹೋಯಿತು. “ಒಂದ್ ವರ್ಷದ ಮದ್ವೆ ಎಲ್ಲಾ ಇಷ್ಟ್ ಬೇಗ? ಒಂದ್ ಲೋಟ ನೀರ್ ಕುಡಿಯೋಕೂ ಇದಕ್ಕಿಂತ ಹೊತ್ತಾಯ್ತದೆ. ಮ್ಯಾಲ್ ಮ್ಯಾಲೆ ಗುಡ್ಸಿ ಹೋಗೋ ಕೆಲ್ಸದೋಳ್ ಥರ ಆಯ್ತಲ್ಲಮ್ಮ.” ಅಳಿಯ ಅಲ್ಲೇ ಇದ್ದ. ನಾನು ಏನು ವಿವರಿಸಿದರೂ ಅವರ ಮುಖ ಸಡಿಲವಾಗಲಿಲ್ಲ.

ಆಫೀಸಿಗೆ ಬಂದು, ಹಲ್ಲು ಕಚ್ಚಿಕೊಂಡು, ಪಟ್ಟಿ ಸುಮ್ಮನೆ ನಿಧಾನವಾಗಿ ನಡೆಯುವಂತೆ ಬರೆದೆ. ಕೆಲಸ ಮೊದಲೇ ಮುಗಿದಿರುತ್ತದೆ, ಪಟ್ಟಿ ಮಾತ್ರ ಆಮೆಯ ಹಾಗೆ ಹೋಗುತ್ತದೆ. ಪಕ್ಕದಲ್ಲಿ ‘ಪರಿಶೀಲಿಸಲಾಗುತ್ತಿದೆ’ ಎಂಬ ಸಾಲು. ಇಷ್ಟು ವರ್ಷದ ಅನುಭವದಲ್ಲಿ ಏನೂ ಮಾಡದೆ ಇರುವುದಕ್ಕೆ ಅಷ್ಟು ಕಷ್ಟಪಟ್ಟು ಪ್ರೋಗ್ರಾಂ ಬರೆದದ್ದು ಅದೇ ಮೊದಲು.

ಯಜಮಾನರು ಅದನ್ನು ಪೂರ್ತಿ ಕೂತು ನೋಡಿದರು. ತೃಪ್ತಿಯಾಯಿತು. “ನೋಡಮ್ಮ,” ಎಂದರು, “ಈಗ ನಿಮ್ ಪ್ರೋಗ್ರಾಂ ಮೈ ಬಗ್ಸಿ ದುಡೀತದೆ.”

ಇನ್ನು ನಲವತ್ತು ನಿಮಿಷ

ಮಂಟಪದ ಕಂಪ್ಯೂಟರ್ ಮುದಿಯಾಗಿತ್ತು. ಮದುವೆ ಸೀಸನ್ ಶುರುವಾಗುವ ಮೊದಲು ಹೊಸತು ತಂದರು. ಹಳೆಯದರಲ್ಲಿದ್ದ ಬುಕಿಂಗ್‌ಗಳನ್ನೆಲ್ಲ ಹೊಸದಕ್ಕೆ ಸಾಗಿಸಬೇಕು. ಈ ಸಾಗಣೆ ಸರಿಹೋದರೆ ಸಾರಕ್ಕಿ, ಹುಳಿಮಾವು ಎರಡೂ ನಮಗೇ ಎಂದು ಯಜಮಾನರು ಬಾಸ್‌ಗೆ ಹೇಳಿದ್ದರು. ಬಾಸ್ ಅದನ್ನು ನನಗೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹೇಳುತ್ತಿದ್ದರು.

ಒಂದು ಬುಧವಾರ ಹನ್ನೊಂದೂವರೆಗೆ ಕೆಲಸ ಹಚ್ಚಿದೆ. ಈ ಸಲ ಪೆಟ್ಟಿಗೆಯಲ್ಲಿ ಹೊಸ ಸೌಕರ್ಯವೊಂದಿತ್ತು: ಪಟ್ಟಿಯ ಕೆಳಗೆ ‘ಇನ್ನು ನಲವತ್ತು ನಿಮಿಷ’ ಎಂದು ಬರುತ್ತಿತ್ತು. ಅದನ್ನು ಸರಿಯಾಗಿ ಹೇಳಿಸುವುದು ಎಷ್ಟು ಕಷ್ಟ ಎಂಬುದು ನನ್ನ ಕಸುಬಿನವರಿಗೇ ಗೊತ್ತು. ಹೆಮ್ಮೆಯಿಂದ ಯಜಮಾನರಿಗೆ ತೋರಿಸಿ, ಕಾಫಿ ಕುಡಿಯಲು ಅಡುಗೆಮನೆಗೆ ಹೋದೆ.

ವಾಪಸ್ ಬಂದಾಗ ಪೆಟ್ಟಿಗೆ ಇರಲಿಲ್ಲ. ಹಳೆಯ ಕಂಪ್ಯೂಟರಿನಲ್ಲಿ ಅರ್ಧ ಬುಕಿಂಗ್, ಹೊಸದರಲ್ಲಿ ಅರ್ಧ ಬುಕಿಂಗ್. ಕೌಂಟರಿನಲ್ಲಿ ಯಾರೋ ಮದುವೆ ಹುಡುಗನ ತಂದೆ ನಿಂತಿದ್ದರು. ಮ್ಯಾನೇಜರ್ ಹೊಸ ಕಂಪ್ಯೂಟರ್ ನೋಡಿ, “ಆ ದಿನಾ ಖಾಲಿ ಐತ್ರೀ, ಬರಕೊಳ್ಲೇನು?” ಎನ್ನುತ್ತಿದ್ದರು. ಆ ದಿನ ಬೇರೊಬ್ಬರ ಮದುವೆ ಎಂದೋ ನಿಗದಿಯಾಗಿತ್ತು. ನಾನು ಕೌಂಟರಿಗೆ ಹಾರಿ ಮ್ಯಾನೇಜರ್ ಕೈ ಹಿಡಿದುಕೊಂಡೆ. ಇನ್ನೊಂದು ಗಳಿಗೆ ತಡವಾಗಿದ್ದರೆ ಒಂದೇ ಮಂಟಪದಲ್ಲಿ ಎರಡು ಜೋಡಿ ಹಸೆಮಣೆ ಏರುತ್ತಿದ್ದವು.

“ಯಾರು ನಿಲ್ಸಿದ್ದು?” ಎಂದು ಕೂಗಿದೆ. ಅಳಿಯನೇ ಎಂದುಕೊಂಡಿದ್ದೆ.

“ನಾನೇ ಕಣಮ್ಮ” ಎಂದರು ಯಜಮಾನರು. “ಇನ್ನು ನಲವತ್ ನಿಮಿಷ ಅಂತು. ಲೆಕ್ಕ ಹಾಕ್ದೆ. ಹನ್ನೆರಡಕ್ಕೆ ರಾಹುಕಾಲ ಹಿಡೀತದೆ. ಮುಗಿಯೋದು ಸರ್ಯಾಗಿ ರಾಹುಕಾಲದಾಗೆ! ಒಳ್ಳೇ ಟೈಮಿಗೆ ಕಾಣ್ತು ಅಂತ ನಿಲ್ಸ್‌ಬುಟ್ಟೆ.”

ನಾನು ತಲೆ ಬಗ್ಗಿಸಿ ಕೀಬೋರ್ಡ್ ಎಳೆದುಕೊಂಡೆ. ಮಾತಾಡಿದ್ದರೆ ಅದೇ ನನ್ನ ಕೊನೆಯ ದಿನವಾಗುತ್ತಿತ್ತು. ಬಗ್ಗಿದ ನನ್ನ ತಲೆಯನ್ನು ಅವರು ತಪ್ಪೊಪ್ಪಿಗೆ ಎಂದು ತಿಳಿದು ಸಮಾಧಾನ ಹೇಳಿದರು. “ಇರ್ಲಿ ಬುಡಿ. ಆದ್ರೂ ರಾಹುಕಾಲನೇ ಗೊತ್ತಾಗ್ದೆ ಇದ್ರೆ ಇದೆಂಥ ಛತ್ರದ ಕಂಪ್ಯೂಟರಮ್ಮ?”

ಹಾಲು ಉಕ್ಕುವ ಹೊತ್ತು

ಎಲ್ಲವನ್ನೂ ಮೊದಲಿನಂತೆ ಜೋಡಿಸಲು ಸಂಜೆಯಾಯಿತು. ಮಾರನೇ ದಿನ ಯಜಮಾನರೇ ನಮ್ಮ ಆಫೀಸಿನ ಮೆಟ್ಟಿಲು ಹತ್ತಿ ಬಂದರು. ಹಿಂದೆಯೇ ಅಳಿಯ.

“ಮುಂದಿನ ಶುಕ್ರವಾರ ನಮ್ ಛತ್ರದಾಗೆ ಸೀಜನ್ನಿನ ಮೊದಲ್ನೇ ಮದ್ವೆ” ಎಂದರು. “ಒಳ್ಳೇ ಲಗ್ನ. ಹನ್ನೆರಡು ಹತ್ತಕ್ಕೆ ಮುಹೂರ್ತ. ನಿಮ್ ಪಟ್ಟಿನೂ ಅದೇ ಟೈಮಿಗೆ ಮುಗೀಬೇಕು. ಶುರು ಮಾಡೋದು ಮುಂಚೆನೇ ಮಾಡಿ, ಹತ್ತೂವರೆಗೆ ರಾಹುಕಾಲ ಹಿಡಿಯೋಕ್ ಮೊದ್ಲು. ಮುಗಿಯೋದು ಮಾತ್ರ ರಾಹುಕಾಲ ಬಿಟ್ಟು, ಮುಹೂರ್ತಕ್ಕೆ.”

“ಮುಹೂರ್ತಕ್ಕೇ ಶುರು ಮಾಡಿಬಿಟ್ರೆ ಆಗಲ್ವಾ ಯಜಮಾನ್ರೆ?” ಎಂದೆ.

“ಗೃಹಪ್ರವೇಶದಾಗೆ ಒಲೆ ಹಚ್ಚೋದ್ ಮುಖ್ಯನೋ, ಹಾಲು ಉಕ್ಕೋದ್ ಮುಖ್ಯನೋ?” ಎಂದು ಕೇಳಿದರು. “ಹಾಲು ರಾಹುಕಾಲದಾಗೆ ಉಕ್ತೋ, ಮೂರು ಛತ್ರಕ್ಕೂ ನಮ್ ಅಳಿಯಂದ್ರ ಫೋನೇ” ಎಂದು ಸೇರಿಸಿದರು.

“ಆಗತ್ತೆ ಸಾರ್, ನಮ್ ಮೇಡಂ ಮಾಡ್ತಾರೆ” ಎಂದು ಬಾಸ್ ಅವರನ್ನು ಕೆಳಗಿನ ತನಕ ಬಿಟ್ಟು ಬಂದರು.

“ಸಾರ್, ಫೋಟೋಗಳ ಭಾರವೆಲ್ಲ ನಿನ್ನೆ ಸಂಜೆನೇ ಹೊಸದಕ್ಕೆ ಹಾಕಿಬಿಟ್ಟೆ, ಉಳಿದಿರೋದು ಕಾಫಿ ಕುಡಿಯೋಷ್ಟರಲ್ಲಿ ಮುಗಿಯೋ ಕೆಲಸ. ಅದನ್ನ ಎರಡು ಗಂಟೆ ಎಳೆದು ಮುಹೂರ್ತಕ್ಕೆ ಮುಗಿಸು ಅಂದ್ರೆ ಬರೀ ಸುಳ್ಳು ತೋರಿಸ್ಬೇಕು” ಎಂದೆ.

ಬಾಸ್ ಕನ್ನಡಕ ಒರೆಸಿಕೊಂಡರು. “ಲೋಕದಲ್ಲಿ ಎಲ್ಲರ ಪಟ್ಟೀನೂ ಸುಳ್ಳೇ ಹೇಳತ್ತೆ ಮೇಡಂ. ನಿಮ್ಮದು ಟೈಮಿಗೆ ಸರಿಯಾಗಿ ಹೇಳಲಿ.”

ಗಟ್ಟಿಮೇಳ

ಸುಳ್ಳನ್ನು ನಾನು ನೀಟಾಗಿಯೇ ಬರೆದೆ. ಪಟ್ಟಿಗೂ ಕೆಲಸಕ್ಕೂ ಸಂಬಂಧ ಇಲ್ಲ, ಪಟ್ಟಿಗೂ ಹೊಸ ಕಂಪ್ಯೂಟರಿನ ಗಡಿಯಾರಕ್ಕೂ ಸಂಬಂಧ. ಗಡಿಯಾರ ಹನ್ನೆರಡು ಹತ್ತು ತೋರಿಸಿದಾಗ ಪಟ್ಟಿ ನೂರಕ್ಕೆ ಬರುತ್ತದೆ. ಇದರಲ್ಲಿ ತಪ್ಪಾಗುವುದಕ್ಕೆ ಏನೂ ಇಲ್ಲ ಎಂದು ಬಾಸ್‌ಗೆ ಹೇಳಿದ್ದೆ.

ಶುಕ್ರವಾರ ಜರಗನಹಳ್ಳಿಗೆ ಹೋದಾಗ ಆಫೀಸ್ ರೂಮಿನಲ್ಲೂ ಒಂದು ಮದುವೆ ನಡೆಯುತ್ತಿರುವ ಹಾಗಿತ್ತು. ಮಾನಿಟರಿಗೆ ಮಾವಿನೆಲೆ ಕಟ್ಟಿ ಕುಂಕುಮ ಇಟ್ಟಿದ್ದರು. ಯಜಮಾನರು ರೇಷ್ಮೆ ಪಂಚೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು, ಮಣಿಕಟ್ಟಿನ ಗಡಿಯಾರವನ್ನು ಕಣ್ಣೆದುರು ಹಿಡಿದು. ಅವರ ಹೆಂಡತಿ ತಟ್ಟೆಯಲ್ಲಿ ಅಕ್ಷತೆ ಹಿಡಿದು ನಿಂತಿದ್ದರು. ಬಾಸ್ ಕೂಡ ಜರತಾರಿ ಶಲ್ಯ ಹೊದ್ದು ಬಂದಿದ್ದರು. ಮೂಲೆಯಲ್ಲಿ ಅಳಿಯ, ಕೈಯಲ್ಲಿ ಫೋನು.

ನನ್ನ ಫೋನಿನಲ್ಲಿ ಹತ್ತೂ ಹತ್ತು ನೋಡಿ ‘ಶುರು’ ಒತ್ತಿದೆ. ಬುಕಿಂಗ್‌ಗಳು ಕಾಫಿ ಬರುವ ಮೊದಲೇ ಹೊಸ ಮನೆ ಸೇರಿದವು. ಪಟ್ಟಿ ಮಾತ್ರ ಗಂಭೀರವಾಗಿ ಹೊರಟಿತು. ಹತ್ತು. ಇಪ್ಪತ್ತು. ಎಲ್ಲರೂ ಅದನ್ನೇ ನೋಡುತ್ತಿದ್ದರು. ಹೊರಗೆ ವಾಲಗ, ಒಳಗೆ ಉಸಿರಾಟದ ಸದ್ದು. ರಾಹುಕಾಲ ಹಿಡಿಯಿತು. ನಲವತ್ತು. ಅರವತ್ತು. ಎಪ್ಪತ್ತಕ್ಕೆ ಬರುವ ಹೊತ್ತಿಗೆ ನನಗೂ ಅದು ನಿಜವಾದ ಕೆಲಸವೇ ಇರಬೇಕು ಅನ್ನಿಸತೊಡಗಿತ್ತು.

ಪಟ್ಟಿ ಎಂಬತ್ತರಲ್ಲಿದ್ದಾಗ ಮದುವೆ ಮಾಡಿಸುತ್ತಿದ್ದ ಪುರೋಹಿತರು ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದರು. “ಯಜಮಾನ್ರೆ, ಟೈಮ್ ಎಷ್ಟು ಅಂತ ಒಂದ್ಸಲ ಹೇಳಿಬಿಡಿ. ನಿಮ್ಮ ಗೋಡೆ ಗಡಿಯಾರ ನೋಡ್ಕೊಂಡು ಹುಡುಗೀ ಸೋದರಮಾವ ಅವಳನ್ನ ಈಗ್ಲೇ ಕರ್ಕೊಂಡು ಬರ್ತೀನಿ ಅಂತ ಹಟ ಹಿಡಿದಿದಾರೆ. ನನ್ನ ಫೋನಲ್ಲಿ ಇನ್ನೂ ಹನ್ನೊಂದೂವರೆ.”

“ನಿಮ್ದೇ ಸರಿ ಸ್ವಾಮಿ” ಎಂದು ಯಜಮಾನರು ನಕ್ಕರು. “ಛತ್ರದ ಗಡಿಯಾರ ಎಲ್ಲಾ ಇಪ್ಪತ್ ನಿಮಿಷ ಮುಂದೆ. ಕೂತ್ಕಂಡು ಕಾಫಿ ಕುಡೀರಿ.”

ನಾನೂ ನಕ್ಕೆ. ನಗುತ್ತ ನಗುತ್ತ ಸ್ಕ್ರೀನಿನ ಮೂಲೆ ನೋಡಿದೆ. ಅಲ್ಲಿ ಕಂಪ್ಯೂಟರಿನ ಗಡಿಯಾರ ಹನ್ನೊಂದು ಐವತ್ತು ತೋರಿಸುತ್ತಿತ್ತು.

ಮ್ಯಾನೇಜರ್ ಕಿವಿಯ ಹತ್ತಿರ ಬಗ್ಗಿ, “ಕಂಪ್ಯೂಟರಿಂದೂ ಮುಂದೆ ಇಟ್ಟಿದ್ದೀರಾ?” ಎಂದು ಕೇಳಿದೆ.

“ಎಲ್ಲಾ ಗಡಿಯಾರನೂ ಅಂತ ಯಜಮಾನ್ರ ಆರ್ಡರ್ರು, ಬಿಡ್ತೀನೇನ್ರೀ?” ಎಂದರು ಮೆಲ್ಲಗೆ, ಹೆಮ್ಮೆಯಿಂದ. “ಇದೊಂದು ಭಾಳ ಕಾಡ್ತು ನೋಡ್ರಿ. ಇಂಟರ್ನೆಟ್ಟಿನ ಟೈಮ್ ನೋಡಿ ತಂತಾನ ಸರಿ ಆಗ್ತಿತ್ತು. ಆ ಸೆಟ್ಟಿಂಗೂ ಹುಡುಕಿ ಬಂದ್ ಮಾಡೇನಿ.”

ಇಪ್ಪತ್ತು ನಿಮಿಷ. ಆ ಗಡಿಯಾರದ ಹನ್ನೆರಡು ಹತ್ತು ಎಂದರೆ ಯಜಮಾನರ ಮಣಿಕಟ್ಟಿನ ಹನ್ನೊಂದು ಐವತ್ತು. ಅಂದರೆ ಹಾಲು ಉಕ್ಕುವುದು ರಾಹುಕಾಲ ಬಿಡುವ ಮೊದಲೇ, ಅವರ ಕಣ್ಣೆದುರಿಗೆ. ಪಟ್ಟಿ ಎಂಬತ್ತೊಂದಾಯಿತು. ಸುಮ್ಮನಿದ್ದರೆ ಕೆಲಸ ಹೋಗುತ್ತದೆ. ‘ನಿಲ್ಲಿಸು’ ಒತ್ತಿದರೂ ಹೋಗುತ್ತದೆ. ಗಡಿಯಾರವನ್ನು ಸರಿಮಾಡಬಹುದು, ಆದರೆ ಮಾಡಿದರೆ ಪಟ್ಟಿ ಹಿಂದಕ್ಕೆ ಹೋಗುತ್ತದೆ. ನನ್ನ ಕಸುಬಿನಲ್ಲಿ ಮೊದಲ ದಿನ ಕಲಿಸುವ ಪಾಠ ಒಂದೇ. ಪಟ್ಟಿ ನಿಧಾನ ಮಾಡಬಹುದು, ನಿಲ್ಲಬಹುದು, ಏನು ಬೇಕಾದರೂ ಮಾಡಬಹುದು, ಹಿಂದಕ್ಕೆ ಮಾತ್ರ ಹೋಗಬಾರದು. ಬಾಸ್ ಕಡೆ ನೋಡಿದೆ. ಅವರಿಗೆ ನನ್ನ ಮುಖ ನೋಡಿಯೇ ಅರ್ಧ ತಿಳಿಯಿತು. ಅವರು ಫ್ಯಾನಿನ ಕಡೆ ನೋಡಿದರು.

ಮೌಸ್ ಹಿಡಿದೆ. ಗಡಿಯಾರವನ್ನು ಇಪ್ಪತ್ತು ನಿಮಿಷ ಹಿಂದಕ್ಕೆ ತಿರುಗಿಸಿ ‘ಸರಿ’ ಒತ್ತಿದೆ.

ಎಂಬತ್ತೊಂದರಲ್ಲಿದ್ದ ಪಟ್ಟಿ ಎಲ್ಲರೂ ನೋಡುತ್ತಿದ್ದ ಹಾಗೇ ಸರ್ರೆಂದು ಹಿಂದಕ್ಕೆ ಸರಿದು ಅರವತ್ತೊಂದಕ್ಕೆ ಬಂತು.

ಯಜಮಾನರ ಹೆಂಡತಿಯ ಕೈಯಲ್ಲಿದ್ದ ತಟ್ಟೆ ವಾಲಿ ನಾಲ್ಕು ಅಕ್ಷತೆ ಕಾಳು ನೆಲಕ್ಕೆ ಬಿದ್ದವು. ಅಳಿಯ ಮೂಲೆಯಿಂದ ನೆಗೆದು ಬಂದ. “ನೋಡಿ ಮಾವ, ಹಿಂದಕ್ಕೆ ಹೋಯ್ತು! ನಾನ್ ಹೇಳ್ಲಿಲ್ವಾ? ಎಲ್ಲಾ ಡಮ್ಮಿ!”

“ಏನಮ್ಮ ಇದು?” ಎಂದರು ಯಜಮಾನರು. ಅವರ ದನಿ ತಣ್ಣಗಿತ್ತು. ಅದು ಕೂಗಾಟಕ್ಕಿಂತ ಹೆಚ್ಚು ಹೆದರಿಸಿತು. ನಿಜ ಹೇಳಿಬಿಡೋಣ, ಮನೆಗೆ ಹೋಗೋಣ ಎಂದು ಬಾಯಿ ತೆರೆದೆ.

ಅಷ್ಟರಲ್ಲಿ ಕಾಫಿ ಕುಡಿಯುತ್ತಿದ್ದ ಪುರೋಹಿತರು ಲೋಟ ಕೆಳಗಿಟ್ಟರು. ಅವಸರದಲ್ಲಿದ್ದರು, ಈ ಗದ್ದಲ ಅವರಿಗೆ ಬೇಕಿರಲಿಲ್ಲ.

“ಅದಕ್ಯಾಕೆ ಇಷ್ಟು ಗಾಬರಿ?” ಎಂದರು. “ಅಷ್ಟು ದೊಡ್ಡ ದೊಡ್ಡ ಗ್ರಹಗಳೇ ವಕ್ರಗತಿ ಬಂದಾಗ ಹಿಂದಕ್ಕೆ ನಡೀತಾವೆ. ಗುರು ನಡೀತಾನೆ, ಶನಿ ನಡೀತಾನೆ. ರಾಹುವಂತೂ ಹುಟ್ಟಿದಾಗಿನಿಂದ ಹಿಂದಕ್ಕೇ ನಡೀತಿರೋದು. ರಾಹುಕಾಲದಲ್ಲಿ ಇದೊಂದು ಹಿಂದಕ್ಕೆ ಹೋದ್ರೆ ಏನು ಮುಳುಗಿಹೋಯ್ತು? ಹೋಗದೆ ಇದ್ದಿದ್ರೆ ನಾನು ಅನುಮಾನ ಪಡ್ತಿದ್ದೆ.”

ಯಜಮಾನರು ನಿಧಾನವಾಗಿ ನನ್ನ ಕಡೆ ತಿರುಗಿದರು. “ಹೌದೇನಮ್ಮ? ಇದಕ್ಕೆ ರಾಹುಕಾಲ ಗೊತ್ತಾಯ್ತದಾ?”

ನಾನು ಹೌದು ಅನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. “ರಾಹುಕಾಲ ಗೊತ್ತಿರ್ಬೇಕು ಅಂತ ಅವತ್ತು ನೀವೇ ಹೇಳಿದ್ರಲ್ಲ ಯಜಮಾನ್ರೆ” ಎಂದೆ.

ಅವರು ಮತ್ತೆ ಕುರ್ಚಿಗೆ ಒರಗಿದರು. ಪುರೋಹಿತರು ಕಾಫಿ ಮುಗಿಸಿ ಮಂಟಪಕ್ಕೆ ಹೋದರು. ಪಟ್ಟಿ ಮತ್ತೆ ಹತ್ತತೊಡಗಿತು. ಎಪ್ಪತ್ತು, ಎಂಬತ್ತು. ಹನ್ನೆರಡಾಯಿತು, ರಾಹುಕಾಲ ಬಿಟ್ಟಿತು. ತೊಂಬತ್ತೆಂಟು. ತೊಂಬತ್ತೊಂಬತ್ತು. ಮ್ಯಾನೇಜರ್ ಜೇಬಿನಿಂದ ನಿಂಬೆಹಣ್ಣು ತೆಗೆದು ಸಿದ್ಧವಾಗಿ ನಿಂತರು. ಹೊರಗಿನಿಂದ “ಗಟ್ಟಿಮೇಳ! ಗಟ್ಟಿಮೇಳ!” ಎಂದು ಪುರೋಹಿತರ ಕೂಗು ಬಂತು, ಡೋಲು ಎದೆ ನಡುಗುವ ಹಾಗೆ ಮೊಳಗಿತು, ಪಟ್ಟಿ ನೂರಾಯಿತು. ಯಜಮಾನರು, ಅವರ ಹೆಂಡತಿ, ಮ್ಯಾನೇಜರ್, ನಮ್ಮ ಬಾಸ್, ಎಲ್ಲರೂ ಹಿಡಿ ಹಿಡಿ ಅಕ್ಷತೆಯನ್ನು ಕಂಪ್ಯೂಟರಿನ ಮೇಲೆ ಸುರಿದರು. ಇವತ್ತಿಗೂ ಆ ಕೀಬೋರ್ಡನ್ನು ತಲೆಕೆಳಗೆ ಮಾಡಿದರೆ ಅರಿಶಿನದ ಅಕ್ಕಿ ಉದುರುತ್ತದೆ. ನಾನು ಮಾತ್ರ ಕುರ್ಚಿಯಲ್ಲಿ ಕುಸಿದು ಕೂತೆ. ಕಣ್ಣಲ್ಲಿ ನೀರು ಬಂದಿತ್ತು, ಎಲ್ಲರೂ ಅದನ್ನು ಸಂತೋಷಕ್ಕೆ ಎಂದುಕೊಂಡರು.

ಊಟಕ್ಕೆ ಕೂತಾಗ ಯಜಮಾನರು ಎಲೆಯ ಮುಂದೆ ತೀರ್ಪು ಕೊಟ್ಟರು. “ಸಾರಕ್ಕಿಗೂ ಹುಳಿಮಾವಿಗೂ ಇದನ್ನೇ ಹಾಕ್ಬುಡಿ ಮೇಡಂನೋರೆ. ಆದ್ರೆ ಒಂದ್ ಮಾತು. ಅಲ್ಲೂ ಹಿಂಗೇ ಒಂದ್ಸಲ ಹಿಂದಕ್ಕೋಗಿ ಬರ್ಬೇಕು.”

ಹೋಳಿಗೆ ಬಾಯಿಗಿಡುತ್ತಿದ್ದ ಅಳಿಯ ತಡೆಯಲಾರದೆ ಕೊನೆಯ ಅಸ್ತ್ರ ಬಿಟ್ಟ. “ಮಾವ, ಸ್ವಲ್ಪ ಯೋಚ್ನೆ ಮಾಡಿ. ನಮ್ ಫೋನಿಂದು ಒಂದ್ಸಲಾನೂ ಹಿಂದಕ್ಕೆ ಹೋಗಲ್ಲ!”

ಯಜಮಾನರು ಅವನ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿ, ಮಗುವಿಗೆ ಹೇಳುವ ಹಾಗೆ ಹೇಳಿದರು.

“ಅದಕ್ಕೇ, ಅಳಿಯಂದ್ರೆ, ಬ್ಯಾಡ ಅಂತಿರೋದು.”